ಎರಡರಿಂದ ಎಂಟು ಡಿಗ್ರಿ

ಜೂನ್ 23, 2021, ಬುಧವಾರ
ಡಬ್ಬಿ: ಬೆಳಿಗ್ಗೆ 5 ಡಿಗ್ರಿ, ಮಧ್ಯಾಹ್ನ 7 ಡಿಗ್ರಿ.

ಆರು ವಾರದ ನಂತರ ಇವತ್ತು ಮತ್ತೆ ಬೈಕು ಹತ್ತಿದೆ. ಹಡಗಲಿಯಿಂದ ಲಸಿಕೆಯ ಡಬ್ಬಿ ತಂದು ನಮ್ಮ ಇಟ್ಟಿಗಿಯ ಶಾಲೆಯಲ್ಲಿ ಇಳಿಸಿದೆ. ಮೊದಲು ಮಕ್ಕಳ ಪೋಲಿಯೊ, ದಡಾರದ ಲಸಿಕೆ ಹೊರುತ್ತಿದ್ದೆ, ಈಗ ಕೊರೊನಾದ್ದು. ಲಸಿಕೆ ಎರಡು ಡಿಗ್ರಿಗಿಂತ ಕೆಳಗೆ ಹೋಗಬಾರದು, ಎಂಟು ದಾಟಬಾರದು. ಡಬ್ಬಿಯೊಳಗೆ ನನ್ನದೇ ಒಂದು ಥರ್ಮಾಮೀಟರ್ ಇಟ್ಟುಕೊಳ್ಳುತ್ತೇನೆ. ಡಬ್ಬಿ ಹೊರುವ ಬೇರೆ ಯಾರೂ ಇದನ್ನು ಮಾಡುವುದಿಲ್ಲ. ಅವರದು ಅವರಿಗೆ.

ಈ ರಿಜಿಸ್ಟರು ಆಸ್ಪತ್ರೆಯ ಹಳೆಯದು, ಫ್ರಿಜ್ಜಿನ ತಾಪಮಾನ ಬರೆಯುವುದು. ಅರ್ಧ ಖಾಲಿ ಉಳಿದಿತ್ತೆಂದು ದುರ್ಗಾ ಸಿಸ್ಟರ್ ನನಗೆ ಕೊಟ್ಟರು. ಮೇ ತಿಂಗಳಲ್ಲಿ ಕೊರೊನಾ ಬಂದು ಹಿಂದಿನ ಕೋಣೆಯಲ್ಲಿ ಒಬ್ಬನೇ ಬಿದ್ದಿದ್ದಾಗ ಇದರಲ್ಲಿ ನನ್ನ ಮೈಯ ತಾಪವನ್ನೇ ಬರೆದೆ. ನೂರಾ ಮೂರು, ನೂರಾ ಎರಡು, ಮತ್ತೆ ನೂರಾ ಮೂರು. ಎಂಟು ದಿನ. ಎರಡೂ ಡೋಸ್ ಹಾಕಿಸಿಕೊಂಡಿದ್ದಕ್ಕೇ ಮನೆಯಲ್ಲೇ ಎದ್ದು ಕೂತೆ ಎಂದು ಸಿಸ್ಟರ್ ಹೇಳುತ್ತಾರೆ. ಬರೆಯುವ ಚಟ ಮಾತ್ರ ಹತ್ತಿಬಿಟ್ಟಿದೆ.

ಮೊನ್ನೆಯಿಂದ ಹದಿನೆಂಟು ದಾಟಿದ ಎಲ್ಲರಿಗೂ ಲಸಿಕೆ. ಹೆಂಗಸರು ಬಂದರು, ಮುದುಕರು ಬಂದರು. ವಯಸ್ಸಿನ ಗಂಡಸರು ಮಾತ್ರ ಶಾಲೆಯ ಕಾಂಪೌಂಡಿನ ಆಚೆ ನಿಂತು ಬೀಡಿ ಸೇದುತ್ತಿದ್ದರು. ಹೋಗಿ ಬೈದೆ. "ನಿಮಗೇನು ದಾಡಿ? ಬರ್ರಿ ಒಳಗ" ಎಂದೆ.

ಯರ್ರೆಪ್ಪ ಕಾಕಾ ಬೀಡಿ ಕೆಳಗೆ ಹಾಕಿ ತುಳಿದ. "ಗಂಡಸ್ರು ಹಾಕಿಸ್ಕೊಂಡ್ರ ಮಕ್ಕಳಾಗಂಗಿಲ್ಲಂತ. ಮೊಬೈಲಿನ್ಯಾಗ ಬಂದೈತಿ."

"ಮೊಬೈಲಿನ್ಯಾಗ ಏನೇನೋ ಬರ್ತೈತಿ. ನಾನಿಲ್ಲೇನು, ಎರಡು ಸಲ ಹಾಕಿಸ್ಕೊಂಡೀನಿ."

"ಹೌದಲ್ಲ ಮತ್ತ! ನಿನಗೆಷ್ಟು ಮಕ್ಕಳದಾವಪಾ?"

ಎಲ್ಲರೂ ನಕ್ಕರು. ನಾನು ಡಬ್ಬಿಯ ಪಟ್ಟಿ ಬಿಗಿಮಾಡುವವನಂತೆ ಬಗ್ಗಿದೆ. ಅದು ಮೊದಲೇ ಬಿಗಿಯಾಗಿತ್ತು.

ಜೂನ್ 24
ಡಬ್ಬಿ: 5, 6.

ಆ ಮಾತು ಹೋಗಲೊಲ್ಲದು. ಮೂರ್ಖರು. ನನಗೆ ಮದುವೆಯಾಗಿ ಆರು ವರ್ಷ, ಲಸಿಕೆ ಬಂದು ಆರು ತಿಂಗಳೂ ಆಗಿಲ್ಲ. ಲೆಕ್ಕ ಬರುವ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ನಗುವವರು ಲೆಕ್ಕ ಮಾಡಿ ನಗುತ್ತಾರೆಯೇ?

ಹೆಂಡತಿಯನ್ನು ಹಡಗಲಿ, ಹೊಸಪೇಟೆ, ದಾವಣಗೆರೆ, ಎಲ್ಲ ಕಡೆ ತೋರಿಸಿದ್ದಾಗಿದೆ. ರಕ್ತ, ಸ್ಕ್ಯಾನಿಂಗು, ಏನೇನೋ. ಅವಳಲ್ಲಿ ತೊಂದರೆ ಇಲ್ಲ ಎಂದೇ ಎಲ್ಲರೂ ಬರೆದುಕೊಟ್ಟರು. ಆದರೂ ಅವ್ವ ಸುಮ್ಮನಿರುವುದಿಲ್ಲ. ಇವತ್ತು ಊಟಕ್ಕೆ ಕೂತಾಗ, "ಪಂಪಮ್ಮನ ಮನ್ಯಾಗ ತೊಟ್ಲು ಕಟ್ಟೂದು ಯಾವಾಗ ಅಂತ ಓಣ್ಯಾಗ ಕೇಳ್ತಾರ" ಎಂದು ತನ್ನ ಹೆಸರನ್ನು ತಾನೇ ಹೇಳಿಕೊಂಡು ಗೋಡೆಗೆ ಮಾತಾಡಿದಳು. ಒಲೆಯ ಮುಂದೆ ಕೂತವಳು ತಲೆ ಎತ್ತಲಿಲ್ಲ. ರೊಟ್ಟಿ ಚೆನ್ನಾಗಿತ್ತು. ಇನ್ನೊಂದು ಹಾಕಿಸಿಕೊಂಡೆ.

ಜುಲೈ 3

ಯಾರೋ ವಾಟ್ಸ್ಯಾಪಿನಲ್ಲಿ ಒಂದು ವಿಡಿಯೊ ಕಳಿಸಿದ್ದಾರೆ. ಬಿಳಿ ಕೋಟು ಹಾಕಿದವನೊಬ್ಬ ಲಸಿಕೆಯಿಂದ ಬೀಜ ಒಣಗುತ್ತದೆ ಎನ್ನುತ್ತಾನೆ. ಕೋಟು ಯಾರು ಬೇಕಾದರೂ ಹಾಕಬಹುದು. ಅಳಿಸಿ ಹಾಕಿದೆ.

ಆಮೇಲೆ ನಮ್ಮ ಓಣಿಯ ಹುಡುಗ ಪಾಲಾಕ್ಷನ ಮೊಬೈಲಿನಲ್ಲಿ ಮತ್ತೆ ನೋಡಿದೆ. ಎರಡು ಸಲ.

ಜುಲೈ 8, ಗುರುವಾರ
ಡಬ್ಬಿ: 4, 6.

ಡಬ್ಬಿ ಇಳಿಸಿ ಹಾಗೇ ಹರಪನಹಳ್ಳಿಗೆ ಹೋದೆ. ಹಡಗಲಿಯಲ್ಲಿ ಆಸ್ಪತ್ರೆಯ ಕಸ ಗುಡಿಸುವವರಿಗೂ ನನ್ನ ಪರಿಚಯ. ಹರಪನಹಳ್ಳಿ ದೊಡ್ಡ ಊರು, ಮೆಕ್ಕೆಜೋಳದ ಲಾರಿಗಳ ನಡುವೆ ಯಾರು ಯಾರನ್ನೂ ನೋಡುವುದಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಲ್ಯಾಬು. ಒಳಗೆ ಹೋಗುವ ಮುಂಚೆ ಎರಡು ಸಲ ಅದರ ಮುಂದೆಯೇ ಹಾದುಹೋದೆ. ಮಾಸ್ಕ್ ಇರುವುದು ಇಂಥದ್ದಕ್ಕೆ ಎಷ್ಟು ಅನುಕೂಲ!

ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು. ಪರೀಕ್ಷೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಮುಂದೆ ಸರಿಸಿದೆ. ಪುಣ್ಯಾತಗಿತ್ತಿ ಮುಖ ಎತ್ತಿ ನೋಡಲಿಲ್ಲ. "ಇಲ್ಲೇ ಕೊಡ್ತೀರೋ, ಮನೆಯಿಂದ ತರ್ತೀರೋ?" ಎಂದಳು. ಒಂದೇ ಬಚ್ಚಲು, ಅದರ ಮುಂದಿನ ಬೆಂಚಿನ ಮೇಲೆ ಏಳು ಜನ. "ಮನಿಯಿಂದ" ಎಂದೆ. ಮುಚ್ಚಳದ ಸಣ್ಣ ಡಬ್ಬಿ ಕೊಟ್ಟು ನಾಲ್ಕೈದು ಮಾತು ಹೇಳಿದಳು. ನಾನು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಹೂಂ ಹೂಂ ಎಂದೆ. ಮೂರು ದಿನ ಬಿಟ್ಟು ತರಬೇಕು ಎಂಬುದೊಂದು ಕಿವಿಗೆ ಬಿತ್ತು. ಉಳಿದದ್ದನ್ನು ಮತ್ತೆ ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಜುಲೈ 12, ಸೋಮವಾರ
ಡಬ್ಬಿ: 4 ಡಿಗ್ರಿ. ಪೂರ್ತಿ ದಾರಿ 4 ಡಿಗ್ರಿ.

ಇವತ್ತು ಕೆಲಸಕ್ಕೆ ರಜೆ ಹೇಳಿದ್ದೆ. ಹೆಂಡತಿ ತವರಿನ ತೋಟಕ್ಕೆ ಮಲ್ಲಿಗೆ ಬಿಡಿಸಲು ಹೋಗಿದ್ದಳು. ಅವ್ವ ಹೊಲಕ್ಕೆ ಹೋದಳು. ಆಗುವುದು ಆಯಿತು. ಅದನ್ನು ಬರೆಯುವುದಿಲ್ಲ.

ಆದರೆ ತೆಗೆದುಕೊಂಡು ಹೋದದ್ದನ್ನು ಬರೆಯಲೇಬೇಕು. ಆಸ್ಪತ್ರೆಯವರು ಬಿಸಾಡಿದ್ದ ಪಟ್ಟಿ ಹರಿದ ಹಳೆಯ ಲಸಿಕೆ ಡಬ್ಬಿ ಮನೆಯಲ್ಲಿದೆ, ಮಲ್ಲಿಗೆ ಮೊಗ್ಗು ಸಾಗಿಸಲು ಇಟ್ಟುಕೊಂಡಿದ್ದೇವೆ. ಅದನ್ನು ತೊಳೆದು ಒಣಗಿಸಿದ್ದೆ. ನಾಲ್ಕು ಐಸ್ ಪ್ಯಾಕು ಹೊರಗಿಟ್ಟು, ಅವು ಬೆವರುವ ತನಕ ಕಾಯ್ದೆ. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ನೀರಿನ ಸದ್ದು ಕೇಳಿಸಬೇಕು, ಆಗಲೇ ಡಬ್ಬಿಗೆ ಇಡಬೇಕು. ಇಲ್ಲದಿದ್ದರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಹನ್ನೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಬಾಟಲಿಯೂ ಕೆಟ್ಟಿಲ್ಲ. ಸ್ಯಾಂಪಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐಸಿಗೆ ನೇರವಾಗಿ ತಾಗದಂತೆ ಹೆಂಡತಿಯ ಹೊಲಿಗೆಯ ಬುಟ್ಟಿಯಿಂದ ಒಂದು ಲೈನಿಂಗ್ ಬಟ್ಟೆ ತೆಗೆದು ಅದರ ಮೇಲೆ ಸುತ್ತಿ, ನಡುವೆ ಕೂರಿಸಿದೆ.

ಊರ ಬಾಗಿಲಲ್ಲಿ ಪಾಲಾಕ್ಷ ಸಿಕ್ಕ. "ಎಲ್ಲಿಗಣ್ಣ, ಇವತ್ತೂ ಡಬ್ಬಿ?" ಎಂದ. "ಹರಪನಹಳ್ಳಿಗೆ, ಅರ್ಜೆಂಟ್" ಎಂದೆ. ಅವನು ಟ್ರ್ಯಾಕ್ಟರ್ ಪಕ್ಕಕ್ಕೆ ತೆಗೆದು ದಾರಿ ಬಿಟ್ಟ. ಡಬ್ಬಿ ಹೊತ್ತವನನ್ನು ಯಾರೂ ಹೆಚ್ಚು ಕೇಳುವುದಿಲ್ಲ.

ರಸ್ತೆ ಅಗೆದಿದ್ದರು, ಮಳೆ ಬೇರೆ. ಒಂದೂವರೆ ತಾಸಿಗಿಂತ ಹೆಚ್ಚೇ ಹಿಡಿಯಿತು. ನಡುವೆ ನಿಲ್ಲಿಸಿ ಥರ್ಮಾಮೀಟರ್ ನೋಡಿದೆ. ನಾಲ್ಕು. ಲ್ಯಾಬಿನ ಹೊರಗೇ ಸ್ಯಾಂಪಲ್ಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅದನ್ನು ಒರೆಸಿ, ಜೇಬಿನಲ್ಲಿಟ್ಟುಕೊಂಡು ಹೋಗಿ ಕೊಟ್ಟೆ. "ಎಷ್ಟೊತ್ತಾಯ್ತು ರೀ?" ಎಂದು ಕೇಳಿದಳು. ಹಿಂದೆ ಒಬ್ಬ ಮುದುಕ ನಿಂತಿದ್ದ. "ಈಗಷ್ಟೇ" ಎಂದು ಹೊರಗೆ ಬಂದುಬಿಟ್ಟೆ.

ಇಡೀ ಜಿಲ್ಲೆಯಲ್ಲಿ ಇಷ್ಟು ಜೋಪಾನವಾಗಿ ಯಾರೂ ತಂದಿರಲಿಕ್ಕಿಲ್ಲ.

ಜುಲೈ 13

ಲ್ಯಾಬಿನ ಚೀಟಿ ಬಂತು. ಚಲನೆ: ಸೊನ್ನೆ.

ಜುಲೈ 14

ಒಂದೂ ಅಲ್ಲಾಡುತ್ತಿಲ್ಲ. ಎಲ್ಲಾ ಸತ್ತಿವೆ. ಸಂಖ್ಯೆಯೂ ಕಡಿಮೆ ಎಂದಿದೆ. ನಿನ್ನೆ ಚೀಟಿ ತೆಗೆದುಕೊಂಡು ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ಬಹಳ ಹೊತ್ತು ನಿಂತೆ.

ಆರು ವರ್ಷದ್ದು ಬೇರೆ ಏನೋ ಇರಬಹುದು, ದೇವರ ಇಚ್ಛೆ ಎನ್ನಬಹುದು. ಆದರೆ ಪೂರ್ತಿ ಸತ್ತಿರುವುದು? ಅದು ಫೆಬ್ರುವರಿಯಲ್ಲಿ ಹಾಕಿಸಿಕೊಂಡ ಆ ಲಸಿಕೆಯ ಸೂಜಿಯಿಂದಲೇ. ಬೇರೆ ಏನಿದೆ? ನಾನೇ ಹೊತ್ತು ತಂದು, ನಾನೇ ಮೊದಲು ತೋಳು ಚಾಚಿ, ಫೋಟೊ ತೆಗೆಸಿಕೊಂಡೆ. ಆ ಫೋಟೊ ಇನ್ನೂ ಆಸ್ಪತ್ರೆಯ ಗೋಡೆಯ ಮೇಲಿದೆ.

ಜುಲೈ 22, ಗುರುವಾರ
ಡಬ್ಬಿ: ನೋಡಲಿಲ್ಲ.

ಶಾಲೆಯಲ್ಲಿ ಮತ್ತೆ ಶಿಬಿರ. ಪಾಲಾಕ್ಷ ಆರು ಜನ ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ. ಶ್ರಾವಣದಲ್ಲಿ ಅವನ ಮದುವೆ, ಕೊಟ್ಟೂರಿನ ಹುಡುಗಿ. ನನ್ನನ್ನು ಬದಿಗೆ ಕರೆದ.

"ಬೀರಣ್ಣ, ಇವ್ರೆಲ್ಲಾ ಒಂದೊಂದು ಹೇಳ್ತಾರ. ನಾ ಯಾರ ಮಾತೂ ಕೇಳಂಗಿಲ್ಲ. ನೀ ಹೂಂ ಅಂದ್ರ ಈಗ ಕೈ ಚಾಚ್ತೀನಿ."

ಅವನ ಮುಖ ನೋಡಿದೆ. ನನ್ನ ಕೈಯಲ್ಲಿ ಆಡಿದ ಹುಡುಗ. ಜೇಬಿನಲ್ಲಿದ್ದ ಚೀಟಿ ಸುಡುತ್ತಿತ್ತು.

"ಲಗ್ನ ಆಗ್ಲಿ, ಆಮ್ಯಾಲ ನೋಡೂಣು ಬಿಡು" ಎಂದೆ.

ಅವನು ತಲೆಯಾಡಿಸಿ ಹೋದ. ಹಿಂದೆಯೇ ಆರೂ ಜನ. ಅವರು ಬಂದರೆಂದೇ ಸಿಸ್ಟರ್ ಹೊಸ ಬಾಟಲಿ ತೆರೆದಿದ್ದರು. ಒಮ್ಮೆ ತೆರೆದರೆ ನಾಲ್ಕು ತಾಸು, ಆಮೇಲೆ ಚೆಲ್ಲಬೇಕು. ಏಳು ಡೋಸು ಚೆಲ್ಲಿದರು. "ಬೀರಲಿಂಗೇಶ್, ಅವ್ರಿಗೆ ಏನಂದಿ?" ಎಂದು ಸಿಸ್ಟರ್ ಕೇಳಿದರು. "ಏನಿಲ್ರಿ" ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ನನ್ನ ಕೈಯ ಲಸಿಕೆ ಕೆಟ್ಟಿತು, ಅದೂ ತಂಪಿನಲ್ಲಿ ಕೂತಲ್ಲೇ.

ಆಗಸ್ಟ್ 2, ಸೋಮವಾರ

ಸಿಕ್ಕಿಬಿದ್ದೆ. ಮಲ್ಲಿಗೆಗೆಂದು ಹೆಂಡತಿ ಹಳೆಯ ಡಬ್ಬಿ ತೆಗೆದಿದ್ದಾಳೆ. ಒಳಗೆ ಅವಳದೇ ಲೈನಿಂಗ್ ಬಟ್ಟೆ, ಅದರೊಳಗೆ ಲ್ಯಾಬಿನ ಚೀಟಿ. ಜಗತ್ತಿನಲ್ಲಿ ಬಚ್ಚಿಡಲು ಇಷ್ಟು ಜಾಗವಿರುವಾಗ ಅಲ್ಲೇ ಯಾಕೆ ಇಟ್ಟೆನೋ!

"ಏನ್ರಿ ಇದು?"

"ದುರ್ಗಾ ಸಿಸ್ಟರ್ದು."

"ಸಿಸ್ಟರ್‌ಗೆ ನಿಮ್ಮ ಹೆಸ್ರು ಇಟ್ಟಾರೇನು?"

ಸುಳ್ಳು ಹೇಳಲೂ ಒಂದು ಬುದ್ಧಿ ಬೇಕು. ಎಲ್ಲವನ್ನೂ ಹೇಳಿದೆ. ಸೊನ್ನೆ ಎಂಬುದನ್ನೂ, ಲಸಿಕೆಯಿಂದಲೇ ಹೀಗಾಯಿತೆಂದು ನನಗನ್ನಿಸುವುದನ್ನೂ. ಅವಳು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಎರಡು ವರ್ಷದ ಹಿಂದ ದಾವಣಗೆರಿ ಡಾಕ್ಟ್ರು ಚೀಟಿ ಬರದಿದ್ರು, ಗಂಡಂದೂ ಪರೀಕ್ಷೆ ಮಾಡಿಸ್ರಿ ಅಂತ. ನಿಮ್ಮ ಕೈಗೇ ಕೊಟ್ಟಿದ್ದೆ. ಅದನ್ನೆಲ್ಲಿ ಇಟ್ರಿ?"

ಬೈಕಿನ ಸೀಟಿನ ಕೆಳಗೆ, ಪಾನಾ ಚೀಲದಲ್ಲಿ. ಇವತ್ತಿಗೂ ಅಲ್ಲೇ ಇದೆ. ನಾನು ಹೇಳಲಿಲ್ಲ, ಅವಳಿಗೆ ಗೊತ್ತಾಯಿತು.

"ನನಗ ಭಾಳ ಸಿಟ್ಟು ಬಂದೈತಿ" ಎಂದಳು ಮೆಲ್ಲಗೆ. "ಆದ್ರ ಮೊದ್ಲು ದೊಡ್ಡ ಡಾಕ್ಟ್ರ ಕಡೆ ಹೋಗೂಣು. ಸಿಟ್ಟು ಆಮ್ಯಾಲ ಮಾಡ್ತೀನಿ."

"ನೀ ಯಾಕ? ನಾನೊಬ್ನೇ ಹೋಗ್ತೀನಿ."

"ಆರು ವರ್ಷ ನಾನೊಬ್ಬಾಕಿನೇ ಹೋಗಿ ಸಾಕಾಗೈತಿ. ಒಬ್ರೇ ಹೋಗೂದು ಹೆಂಗಿರ್ತೈತಿ ಅಂತ ನನಗ ಗೊತ್ತೈತಿ. ನಾ ಬರ್ತೀನಿ."

ಆಗಸ್ಟ್ 5, ಗುರುವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಡಾ. ಅರುಣಕುಮಾರ್ ದಾವಣಗೆರೆಯವರು, ವಾರಕ್ಕೆರಡು ದಿನ ಹರಪನಹಳ್ಳಿಗೆ ಬರುತ್ತಾರೆ. ತೆಳ್ಳಗಿನ ಮನುಷ್ಯ, ನಗುವ ಜಾತಿಯಲ್ಲ. ಚೀಟಿ ನೋಡಿದರು, ಹುಬ್ಬು ಗಂಟಿಕ್ಕಿದರು.

"ಸ್ಯಾಂಪಲ್ ಎಲ್ಲಿ ಕೊಟ್ರಿ?"

"ಮನಿಯಿಂದ ತಂದೆ ಸರ್. ಇಟ್ಟಿಗಿಯಿಂದ."

"ಎಷ್ಟು ಹೊತ್ತು ಹಿಡೀತು?"

"ಒಂದೂವರೆ ತಾಸು ಆಗಿರಬಹುದು ಸರ್. ಆದರ ಏನೂ ಕೆಡಲಿಕ್ಕೆ ಬಿಟ್ಟಿಲ್ಲ. ನಾಲ್ಕು ಐಸ್ ಪ್ಯಾಕು ಹಾಕಿ, ಬೆವರಿಸಿ ಕಂಡೀಷನ್ ಮಾಡಿ, ಲಸಿಕಿ ಡಬ್ಬ್ಯಾಗ ತಂದೀನಿ. ಪೂರ್ತಿ ದಾರಿ ನಾಲ್ಕು ಡಿಗ್ರಿ ಇತ್ತು ಸರ್."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾಲ್ಕು ಡಿಗ್ರಿ?"

"ಹೌದು ಸರ್. ಥರ್ಮಾಮೀಟರ್ ಇಟ್ಟಿದ್ದೆ."

ಕನ್ನಡಕ ತೆಗೆದರು. ಮಾಸ್ಕಿನೊಳಗೇ ಅವರ ಮುಖ ಏನೋ ಆಯಿತು. ಭುಜ ಅಲ್ಲಾಡತೊಡಗಿತು. ಕೆಮ್ಮಿದರು, ನೀರು ಕುಡಿಯಲು ಎದ್ದು ಕಿಟಕಿಯ ಹತ್ತಿರ ಹೋದರು. ಆ ಕಡೆ ತಿರುಗಿಯೇ ಹೇಳಿದರು, "ಅಲ್ರೀ ಸ್ವಾಮಿ, ಅದು ಲಸಿಕೆ ಅಲ್ಲ. ಮೈಯಷ್ಟೇ ಬೆಚ್ಚಗೆ ಇರಬೇಕು. ಜೇಬಿನಾಗೆ ಇಟ್ಕಂಡು ಒಂದು ಗಂಟೆ ಒಳಗೆ ತರಬೇಕು. ಎಳೇ ಕೂಸನ್ನ ಐಸ್‌ನಾಗೆ ಇಟ್ಟು ತಂದ್ರೆ ಅದು ಆಟ ಆಡ್ತದಾ?"

ಪಕ್ಕದಲ್ಲಿ ಕೂತಿದ್ದ ಹೆಂಡತಿ ರೇಣುಕಾ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಕಾಯ್ದೆ, ಬೆವರಿಸಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ. ಅಷ್ಟು ಜೋಪಾನ ಮಾಡಿ, ಅಷ್ಟು ಅಚ್ಚುಕಟ್ಟಾಗಿ, ನನ್ನವನ್ನು ನಾನೇ ಕೊಂದೆ.

ಆಮೇಲೆ ಅವರು ಸಾವಧಾನವಾಗಿ ಮಾತಾಡಿದರು. ಮೇ ತಿಂಗಳಲ್ಲಿ ಕೊರೊನಾ ಬಂದಿತ್ತೆಂದು, ಎಂಟು ದಿನ ನೂರಾ ಮೂರು ಜ್ವರವಿತ್ತೆಂದು ಹೇಳಿದೆ. "ಅದು ಬೇರೆ ವಿಷಯ, ಅದಕ್ಕೆ ಗಮನ ಕೊಡೋಣ" ಎಂದರು. ಆ ರೋಗ ಬಂದರೆ, ಜೋರು ಜ್ವರ ಬಂದರೆ, ಕೆಲವರಿಗೆ ಕೆಲವು ತಿಂಗಳು ಸಂಖ್ಯೆಯೂ ಚಲನೆಯೂ ಕಡಿಮೆಯಾಗುತ್ತದಂತೆ. ಹೊಸವು ತಯಾರಾಗಲು ಎರಡೂವರೆ, ಮೂರು ತಿಂಗಳು ಬೇಕು, ಸಾಮಾನ್ಯವಾಗಿ ಮತ್ತೆ ಸರಿಹೋಗುತ್ತದೆ ಎಂದರು.

"ಮತ್ತ ಲಸಿಕಿ ಸರ್?" ಎಂದೆ.

"ಹೊರದೇಶದಾಗೆ ಕೆಲವು ಗಂಡಸರನ್ನ ಲಸಿಕೆಗೆ ಮುಂಚೆ ಒಮ್ಮೆ, ಎರಡು ಡೋಸ್ ಆದಮೇಲೆ ಒಮ್ಮೆ ಪರೀಕ್ಷೆ ಮಾಡಿ ನೋಡ್ಯಾರೆ. ಏನೂ ಕಡಿಮೆ ಆಗಿಲ್ಲ. ಅದು ಬೇರೆ ಕಂಪನಿ ಲಸಿಕೆ, ಜನಾನೂ ಕಡಿಮೆ. ನಮ್ಮದರ ಮೇಲೆ ಇನ್ನೂ ನೋಡ್ತಾ ಅದಾರೆ. ಎಲ್ಲಾ ಗೊತ್ತೈತೆ ಅಂತ ನಾನು ಹೇಳಲ್ಲ. ಆದರೆ ಹಾಳು ಮಾಡ್ತದೆ ಅನ್ನೋಕೆ ಒಂದು ಆಧಾರನೂ ನಾನು ಕಂಡಿಲ್ಲ. ನನ್ನ ಮಗನಿಗೆ ಹಾಕಿಸೀನಿ, ಅವನಿಗೂ ಮದುವೆ ಆಗಬೇಕು."

ಅಲ್ಲೇ ಮತ್ತೊಂದು ಪರೀಕ್ಷೆ ಮಾಡಿಸಿದರು. ಅದನ್ನೂ ಬರೆಯುವುದಿಲ್ಲ. ಒಂದು ತಾಸು ಕಾಯ್ದೆವು. ರೇಣುಕಾ ಚೀಲದಿಂದ ಮಂಡಕ್ಕಿ ತೆಗೆದು ಕೊಟ್ಟಳು, ಕೈಯಲ್ಲೇ ಹಿಡಿದು ಕೂತೆ. ಆಮೇಲೆ ಡಾಕ್ಟರು ಕರೆದು, ಸೂಕ್ಷ್ಮದರ್ಶಕದಲ್ಲಿ ನೀವೇ ನೋಡಿ ಎಂದರು. ಒಂದು ಕಣ್ಣು ಮುಚ್ಚಿ ನೋಡಿದೆ.

ಓಡುತ್ತಿದ್ದವು. ಎಲ್ಲವೂ ಅಲ್ಲ. ಕೆಲವು ಸುಮ್ಮನೆ ಬಿದ್ದಿದ್ದವು, ಕೆಲವು ನಿಂತಲ್ಲೇ ತಿರುಗುತ್ತಿದ್ದವು. ಆದರೆ ಉಳಿದವು ಬಾಲ ಬಡಿಯುತ್ತ ಓಡುತ್ತಿದ್ದವು. ಮಳೆ ಬಂದ ಮೇಲೆ ಹೊಂಡದಲ್ಲಿ ಕಾಣುವ ಕಪ್ಪೆಮರಿಗಳಂತೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ, ಮದುವೆಯ ದಿನವೂ ಆಗಿರಲಿಲ್ಲ.

"ಸಂಖ್ಯೆ ಸ್ವಲ್ಪ ಕಡಿಮೆ ಐತೆ. ಆರು ವರ್ಷದ ಬಗ್ಗೆ ಈಗ ಏನೂ ಹೇಳಕ್ಕಾಗಲ್ಲ. ಅಕ್ಟೋಬರ್‌ನಾಗೆ ಇನ್ನೊಮ್ಮೆ ಬನ್ನಿ. ಸೇದ್ತೀನಿ ಅಂದ್ರಲ್ಲ, ಆ ಬೀಡಿ ಬಿಡಿ. ಬೈಕಿನ ಮೇಲೆ ದಿನವಿಡೀ ಕೂರಬೇಡಿ, ನಡುನಡುವೆ ಇಳೀರಿ. ಮತ್ತೆ" ಎಂದು ಕನ್ನಡಕ ಹಾಕಿಕೊಂಡರು, "ಡಬ್ಬಿ ತರಬೇಡಿ."

ವಾಪಸು ಬರುವಾಗ ರೇಣುಕಾ ಕೆರೆಯ ಏರಿ ದಾಟಿದ ಮೇಲೆ, "ಈಗ ಸಿಟ್ಟು ಮಾಡ್ಲೇನು?" ಎಂದಳು. ಮಾಡು ಎಂದೆ. ಅವಳು ಹಣೆಯನ್ನು ನನ್ನ ಬೆನ್ನಿಗೆ ಒತ್ತಿ ಅಳತೊಡಗಿದಳು. ಹೊಡೆದದ್ದೂ ಉಂಟು, ಒಂದೆರಡು ಗುದ್ದು. ನಾನು ಬೈಕು ನಿಧಾನ ಮಾಡಿದೆ. ಇಟ್ಟಿಗಿ ಬೇಗ ಬರದಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

ಆಗಸ್ಟ್ 8, ಭಾನುವಾರ

ಪಾಲಾಕ್ಷನ ಮದುವೆಗೆ ಇನ್ನು ಹನ್ನೆರಡು ದಿನ. ಕೊಟ್ಟೂರಿನಿಂದ, ಕೂಡ್ಲಿಗಿಯಿಂದ, ಎಲ್ಲೆಲ್ಲಿಂದಲೋ ಬೀಗರು ಬರುತ್ತಾರೆ. ಎಲ್ಲರನ್ನೂ ಅಪ್ಪಿಕೊಳ್ಳುತ್ತಾನೆ, ಎಲ್ಲರ ಎಲೆಗೂ ಬಡಿಸುತ್ತಾನೆ. ಜ್ವರ ಹಿಡಿದರೆ? ನಾನು ಉಂಡ ಎಂಟು ದಿನ ಅವನಿಗೆ ಬಂದರೆ? ಅವನು ನನ್ನ ಮಾತಿನ ಮೇಲೆ ಲಸಿಕೆ ಬಿಟ್ಟು ಹೋಗಿದ್ದಾನೆ.

ಅವನೊಬ್ಬನಿಗೇ ಹೇಳೋಣವೆಂದು ಎರಡು ಸಲ ಅವರ ಮನೆಗೆ ಹೋದೆ. ಚಪ್ಪರದ ಕೆಲಸದ ಬಗ್ಗೆ ಮಾತಾಡಿ ಬಂದೆ. ಸುಮ್ಮನೆ "ಹಾಕಿಸ್ಕೋ" ಎಂದರೆ, "ಅವತ್ತು ಬ್ಯಾಡ ಅಂದಿ, ಇವತ್ತು ಬೇಕು ಅಂತಿ, ಯಾಕಣ್ಣ?" ಎನ್ನುತ್ತಾನೆ. ಯಾಕೆ ಎಂಬುದಕ್ಕೆ ಡಬ್ಬಿಯ ಕತೆ ಹೇಳಬೇಕು. ಅದನ್ನು ಹೇಳಿದರೆ ಇಟ್ಟಿಗಿಯಲ್ಲಿ ಮುಖ ಎತ್ತಿ ತಿರುಗಾಡುವುದು ಹೇಗೆ?

ರೇಣುಕಾಗೆ ಹೇಳಿದೆ. ಅವಳು ಗುಂಡಿ ಹಚ್ಚುತ್ತಿದ್ದಳು. "ನಾ ಆರು ವರ್ಷದಿಂದ ತಿರುಗಾಡ್ತಿಲ್ಲೇನು?" ಎಂದಳು, ದಾರ ಹಲ್ಲಿನಿಂದ ಕಡಿದು.

ಆಗಸ್ಟ್ 12, ಗುರುವಾರ
ಡಬ್ಬಿ: 5, 5.

ಹೇಳಿಬಿಟ್ಟೆ!

ಶಾಲೆಯಲ್ಲಿ ಶಿಬಿರವಿತ್ತು. ಹೆಂಗಸರ ಸಾಲಿನಲ್ಲಿ ಅವ್ವ ಎರಡನೇ ಡೋಸಿಗೆ ನಿಂತಿದ್ದಳು. ಕಾಂಪೌಂಡಿನ ಆಚೆ ಅದೇ ಗುಂಪು, ಯರ್ರೆಪ್ಪ ಕಾಕಾ, ಪಾಲಾಕ್ಷ, ಅವನ ಗೆಳೆಯರು. ನಾನು ಕಟ್ಟೆ ಹತ್ತಿ ನಿಂತೆ.

"ಕಾಕಾ, ಅವತ್ತು ನೀ ಒಂದು ಕೇಳಿದ್ದಿ. ಇವತ್ತು ಉತ್ತರ ಹೇಳ್ತೀನಿ."

ಹೇಳಿದೆ. ಪರೀಕ್ಷೆಗೆ ಹೋದದ್ದು, ಐಸ್ ಪ್ಯಾಕು ಬೆವರಿಸಿದ್ದು, ಲೈನಿಂಗ್ ಬಟ್ಟೆ, ನಾಲ್ಕು ಡಿಗ್ರಿ, ಸೊನ್ನೆ. ಡಾಕ್ಟರು ಕಿಟಕಿಯ ಕಡೆ ತಿರುಗಿ ನಕ್ಕದ್ದು. ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಒಬ್ಬ ಕಿಸಕ್ಕೆಂದ. ಆಮೇಲೆ ಶಾಲೆಯ ಹೆಂಚು ಹಾರುವಂತೆ ನಕ್ಕರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ದುರ್ಗಾ ಸಿಸ್ಟರ್ ಕೈಯಲ್ಲಿದ್ದ ಸಿರಿಂಜು ಟ್ರೇಗೆ ಹಾಕಿ ಕುರ್ಚಿಯಲ್ಲಿ ಕೂತುಬಿಟ್ಟರು.

ಯರ್ರೆಪ್ಪ ಕಾಕಾ ಮಾತ್ರ ಗಾಬರಿಯಾಗಿದ್ದ. "ಲೇ ಬೀರಾ, ಅದೇ ಡಬ್ಬ್ಯಾಗ ನಮಗ ಲಸಿಕಿ ತರ್ತಿಯೇನಲೇ?"

"ಇಲ್ಲ ಕಾಕಾ, ಅದು ನಮ್ಮ ಮನಿ ಹಳೇ ಡಬ್ಬಿ!"

ಮತ್ತೆ ನಗು. ಅದು ನಿಲ್ಲುವ ತನಕ ಕಾಯ್ದು ಉಳಿದದ್ದನ್ನೂ ಹೇಳಿದೆ. "ಮೇ ತಿಂಗಳಾಗ ಬಂದಿದ್ದು ರೋಗ, ಅದು ನನ್ನನ್ನ ಕೆಡವಿತ್ತು, ಸೂಜಿ ಅಲ್ಲ. ಈಗ ಓಡಾಡಾಕ ಹತ್ಯಾವ, ಕಣ್ಣಾರೆ ನೋಡೀನಿ. ಪಾಲಾಕ್ಷ, ಅವತ್ತು ನಿನಗ ಬ್ಯಾಡ ಅಂದಿದ್ದು ತಿಳೀದೆ ಅಂದಿದ್ದು. ತಪ್ಪಾತು. ಇನ್ನೊಂದು ಮಾತು. ಆರು ವರ್ಷ ನಮ್ಮನಿಯಾಕೀನ್ನ ಊರೂರು ದವಾಖಾನಿ ತಿರುಗಿಸಿದೆ. ಆಕೀಗೆ ಏನೂ ಇಲ್ಲ ಅಂತ ಎಲ್ಲಾರೂ ಬರಕೊಟ್ರು. ನಾ ಮಾತ್ರ ಒಮ್ಮಿನೂ ಪರೀಕ್ಷೆ ಮಾಡಿಸಿರಲಿಲ್ಲ. ಡಾಕ್ಟ್ರು ಬರದಿದ್ದ ಚೀಟಿ ಸೀಟಿನ ಬುಡಕ ಇಟ್ಕೊಂಡು ತಿರುಗಿದೆ."

ಇದನ್ನು ಯಾಕೆ ಹೇಳಿದೆನೋ, ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು. ಆಗ ಯಾರೂ ನಗಲಿಲ್ಲ.

ಪಾಲಾಕ್ಷ ಬೀಡಿ ಬಿಸಾಡಿ ಅಂಗಿ ತೋಳು ಮಡಿಸುತ್ತ ಒಳಗೆ ಬಂದ. ಹಿಂದೆ ಗೆಳೆಯರು. ಕೊನೆಗೆ ಕಾಕಾ ಕೂಡ, "ಥರ್ಮಾಮೀಟರ್ ತೋರಿಸು ಮೊದ್ಲು" ಎನ್ನುತ್ತ. ತೋರಿಸಿದೆ. ಐದು ಡಿಗ್ರಿ. ಒಂದು ಡೋಸೂ ಚೆಲ್ಲಲಿಲ್ಲ.

ಇವತ್ತು ನನ್ನ ಊಟ ತಡವಾಯಿತು. ಅವ್ವ ಯಾಕೋ ರೇಣುಕಾಳನ್ನು ಒಲೆಯ ಮುಂದಿನಿಂದ ಎಬ್ಬಿಸಿ, "ನೀ ಕುಂದ್ರವಾ, ನಾ ರೊಟ್ಟಿ ಬಡೀತೀನಿ" ಎಂದಳು. ಮೊದಲ ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ, ಅವಳ ತಟ್ಟೆಗೆ. ಎರಡನೆಯದೂ ಅವಳಿಗೇ. ತೋಳು ಚುಚ್ಚಿಸಿಕೊಂಡು ಬಂದ ಮುದುಕಿ ವಿಶ್ರಾಂತಿ ತೆಗೆದುಕೊಳ್ಳುವುದು ಬಿಟ್ಟು ಇದೇನೋ. ನನಗೆ ಹಸಿವಾಗಿತ್ತು, ರೇಣುಕಾ ನೋಡಿದರೆ ತಿನ್ನುವುದು ಬಿಟ್ಟು ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದಳು. ಹೊಗೆ ಜಾಸ್ತಿಯಿತ್ತು.

ಅಕ್ಟೋಬರ್ 25, ಸೋಮವಾರ

ಎಲ್ಲಾ ಸರಿ ಇದೆ! ಸಂಖ್ಯೆ ಸರಿ, ಚಲನೆ ಸರಿ. ಡಾಕ್ಟರು ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದು ಕೊಟ್ಟರು. ಮಕ್ಕಳಾಗುವುದು ಬಿಡುವುದು ಇನ್ನೂ ಯಾರ ಕೈಯಲ್ಲೂ ಇಲ್ಲ, ಆದರೆ ದಾರಿಯಲ್ಲಿ ಕಲ್ಲಿಲ್ಲ ಎಂದರು. ಹರಪನಹಳ್ಳಿಯಲ್ಲಿ ಇಬ್ಬರೂ ಮಿರ್ಚಿ ತಿಂದೆವು. ಬೀಡಿ ಬಿಟ್ಟು ಎಂಬತ್ತೊಂದು ದಿನ. ಈಗ ಪ್ರತಿ ಊರಿನಲ್ಲೂ ಬೈಕಿನಿಂದ ಇಳಿಯುತ್ತೇನೆ, ಜನರೂ ಕೂರಿಸಿ ಮಾತಾಡಿಸುತ್ತಾರೆ. ಲಸಿಕೆಗೆ ಹೆದರುವವರನ್ನು ಬೈಯಲು ಬಾಯಿ ಬರುವುದಿಲ್ಲ. ವಯಸ್ಸಾಯಿತೋ ಏನೋ.

ಸೀಟಿನ ಕೆಳಗಿನ ಹಳೆಯ ಚೀಟಿಯನ್ನು ರೇಣುಕಾಗೆ ಕೊಟ್ಟೆ. ಅವಳು ಅದನ್ನು ಹರಿಯಲಿಲ್ಲ. ಹೊಲಿಗೆ ಯಂತ್ರದ ಡ್ರಾದಲ್ಲಿ ಇಟ್ಟುಕೊಂಡಳು. "ನೀವು ಮತ್ತ ದಿಮಾಕು ಮಾಡಿದಾಗ ಬೇಕಾಗ್ತೈತಿ" ಎಂದಳು.

ಮಾರ್ಚ್ 24, 2022, ಗುರುವಾರ
ಡಬ್ಬಿ: 4 ಡಿಗ್ರಿ, 4 ಡಿಗ್ರಿ.

ಬಹಳ ದಿನ ಬರೆದಿರಲಿಲ್ಲ. ಬರೆದರೆ ದೃಷ್ಟಿಯಾದೀತೆಂದು ರೇಣುಕಾ ಬೇಡ ಎಂದಿದ್ದಳು. ಮೂರು ತಿಂಗಳು ತುಂಬಲಿ ಎಂದಿದ್ದಳು. ತುಂಬಿತು.

ಗುರುವಾರ ಇಟ್ಟಿಗಿಯಲ್ಲಿ ತಾಯಿ ಮಕ್ಕಳ ಲಸಿಕೆಯ ದಿನ. ಬಸುರಿಯರಿಗೆ ಕೊಡುವ ಧನುರ್ವಾಯುವಿನ ಚುಚ್ಚುಮದ್ದು ಹೆಪ್ಪುಗಟ್ಟಿದರೆ ಹೋಯಿತು. ಹಾಗಾಗಿ ಹಡಗಲಿಯಲ್ಲಿ ಐಸ್ ಪ್ಯಾಕುಗಳನ್ನು ಹೊರಗಿಟ್ಟು ಕಾಯ್ದೆ. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಮತ್ತೊಮ್ಮೆ ಅಲ್ಲಾಡಿಸಿದೆ. ಸ್ಟೋರಿನವರು, "ಎಷ್ಟು ಸಲ ಕೇಳ್ತಿಯೋ ಮಾರಾಯ, ಅದೇನು ಹಾಡ್ತೈತೇನು?" ಎಂದು ಬೈದರು. ಬೈಯಲಿ.

ನಾನು ಶಾಲೆ ಮುಟ್ಟುವಷ್ಟರಲ್ಲಿ ಹತ್ತು ಹನ್ನೆರಡು ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಅವರ ನಡುವೆ ರೇಣುಕಾ, ಕೈಯಲ್ಲಿ ಹೊಸ ತಾಯಿ ಕಾರ್ಡು, ಮುಡಿಯಲ್ಲಿ ಮಲ್ಲಿಗೆ. ಪಕ್ಕದಲ್ಲಿ ಅವ್ವ, ಬಿಸಿಲು ತಾಗಬಾರದೆಂದು ತನ್ನ ಸೆರಗನ್ನೇ ಸೊಸೆಯ ತಲೆಯ ಮೇಲೆ ಹಿಡಿದುಕೊಂಡು. ನಾನು ಡಬ್ಬಿ ಇಳಿಸಿದೆ. ಅವರಿಬ್ಬರನ್ನೇ ನೋಡುತ್ತ ಪಟ್ಟಿ ಬಿಚ್ಚುವುದನ್ನೇ ಮರೆತೆ. ದುರ್ಗಾ ಸಿಸ್ಟರೇ ಬಿಚ್ಚಿಕೊಂಡರು.

ರೇಣುಕಾ ಎಲ್ಲರಿಗೂ ಕೇಳುವಂತೆ ಕೇಳಿದಳು.

"ಯಾಕ್ರಿ, ಈ ಸಲ ಹೆಂಗ ತಂದೀರಿ?"

ಕಟ್ಟೆಯ ಮೇಲಿದ್ದ ಎಲ್ಲರೂ ನನ್ನ ಕಡೆ ನೋಡುತ್ತ ನಗಲು ತಯಾರಾಗಿ ಕಾಯುತ್ತಿದ್ದರು.

"ಈ ಸಲ ತಂಪಾಗೇ ತರಬೇಕಿತ್ತು" ಎಂದೆ. "ತಂಪಾಗೇ ತಂದೀನಿ."